ಹವಳದ ದಿಬ್ಬ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ? ಒಂದು ಟೇಪು, ಒಂದು ಸ್ಲೇಟು, ಇಪ್ಪತ್ತು ವರ್ಷ

ಹೋದ ಭಾನುವಾರದ ವಿಡಿಯೋದ ಬರಹ ರೂಪ ಇದು. ಆಫೀಸ್ ಬಸ್ಸಿನಲ್ಲಿ ವಿಡಿಯೋ ನೋಡೋಕಾಗಲ್ಲ, ಓದೋಕೆ ಕೊಡಿ ಅಂತ ಕೇಳ್ತಾ ಇರ್ತೀರಲ್ಲ, ನಿಮಗಾಗಿ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೀನಿ, ಅವಸರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೀನಿ.

ಈ ವಿಷಯ ಶುರುವಾಗಿದ್ದು ಒಂದು ಪ್ರಶ್ನೆಯಿಂದ. ನಮ್ಮ ನೋಡುಗರೊಬ್ಬರು ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗಿ ಬಂದು, ನಾಲ್ಕು ನಿಮಿಷದ ವಿಡಿಯೋ ಕಳಿಸಿ ಕೇಳಿದ್ರು: "ಇಲ್ಲಿನ ಹವಳ ಚೆನ್ನಾಗಿದೆಯಾ, ಹಾಳಾಗಿದೆಯಾ?" ವಿಡಿಯೋ ಬಹಳ ಚೆನ್ನಾಗಿತ್ತು. ಆದರೆ ಉತ್ತರ ಕೊಡೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದೇ ಇವತ್ತಿನ ಮಾತು.

ಮೊದಲು ನಮ್ಮ ದಡದಿಂದಲೇ

ನಾವು ಇದನ್ನು ರೆಕಾರ್ಡ್ ಮಾಡಿದ್ದು ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ. ಓಎಂಆರ್ ಕಡೆ ಕೆಲಸ ಮಾಡೋ ನಮ್ಮವರಿಗೆಲ್ಲ ಗೊತ್ತಿರೋ ಜಾಗ. ಇಲ್ಲಿ ನಿಂತು ಹವಳದ ಬಗ್ಗೆ ಮಾತಾಡ್ತಿದ್ದೀನಿ ಅಂದರೆ ಎದುರಿಗಿರೋ ಸಮುದ್ರದಲ್ಲಿ ಹವಳದ ದಿಬ್ಬ ಇದೆ ಅಂತಲ್ಲ. ಇಲ್ಲ. ದಿಬ್ಬ ಕಟ್ಟುವ ಹವಳಕ್ಕೆ ತಿಳಿಯಾದ ಬೆಚ್ಚಗಿನ ನೀರು ಬೇಕು, ತಳದವರೆಗೆ ಬಿಸಿಲು ಇಳಿಯಬೇಕು, ಹಿಡಿದು ಕೂರೋಕೆ ಗಟ್ಟಿ ನೆಲ ಬೇಕು. ಇಲ್ಲಿ ಅಡ್ಯಾರ್, ಕೂವಂ ನದಿಗಳ ಹೂಳು ಬರುತ್ತೆ, ತಳದ ಮರಳು ಅಲೆಯ ಜೊತೆ ಸರಿದಾಡ್ತಾನೇ ಇರುತ್ತೆ. ಮರಳಿನ ಮೇಲೆ ಹವಳ ಮನೆ ಕಟ್ಟಲ್ಲ.

ಆದರೆ ಇದೇ ದಡದಲ್ಲಿ ಇನ್ನೊಂದು ಎಣಿಕೆ ನಡೆಯುತ್ತೆ. ಅದು ಅರ್ಥವಾದರೆ ಹವಳದ ಸರ್ವೆ ಅರ್ಧ ಅರ್ಥವಾದ ಹಾಗೆ.

1988ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಸೇರಿ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್ ಅಂತ ಒಂದು ಗುಂಪು ಕಟ್ಟಿದರು. ಅವರಲ್ಲಿ ಒಬ್ಬರಾದ ಕಾರ್ತಿಕ್ ಶಂಕರ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರು. ಅವತ್ತಿನಿಂದ ಪ್ರತಿ ವರ್ಷ, ಕಡಲಾಮೆಗಳು ಮೊಟ್ಟೆ ಇಡಲು ಬರುವ ತಿಂಗಳುಗಳಲ್ಲಿ, ಸ್ವಯಂಸೇವಕರು ರಾತ್ರಿ ನೀಲಾಂಕರೈ ಕಡೆಯಿಂದ ಬೆಸೆಂಟ್ ನಗರದವರೆಗೆ ಸುಮಾರು 7 ಕಿಲೋಮೀಟರ್ ನಡೆಯುತ್ತಾರೆ. ಗೂಡು ಎಷ್ಟು, ಮೊಟ್ಟೆ ಎಷ್ಟು, ಸತ್ತು ದಡಕ್ಕೆ ಬಿದ್ದ ಆಮೆ ಎಷ್ಟು, ಎಲ್ಲ ಬರೆದಿಡುತ್ತಾರೆ. ಏನೂ ಸಿಗದ ರಾತ್ರಿ "ಸೊನ್ನೆ" ಅಂತ ಬರೆಯುತ್ತಾರೆ.

2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ದಡಕ್ಕೆ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲೆ ಆಮೆಗಳು ಸತ್ತು ಬಂದು ಬಿದ್ದವು. ಸುದ್ದಿಯಾಯಿತು, ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇಲ್ಲಿ ಒಂದು ಮಾತು ಯೋಚಿಸಿ. ಪ್ರತಿ ವರ್ಷವೂ ಒಂದಷ್ಟು ಆಮೆ ಸಾಯುತ್ತವೆ. "ಇದು ಎಂದಿನ ಹಾಗಲ್ಲ, ಏನೋ ಆಗಿದೆ" ಅಂತ ಧೈರ್ಯವಾಗಿ ಹೇಳೋಕೆ ಸಾಧ್ಯವಾಗಿದ್ದು ಹೇಗೆ? ಅದೇ ದಡದಲ್ಲಿ ಅದೇ ರೀತಿ ವರ್ಷಗಟ್ಟಲೆ ನಡೆದು ಬರೆದಿಟ್ಟವರು ಇದ್ದರು, ಅದಕ್ಕೆ.

ಇದನ್ನೇ ಬೇಸ್‌ಲೈನ್ ಅನ್ನೋದು. ಸರ್ವರ್ ನೋಡಿಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಪಿಯು ಬಳಕೆ 70 ಅಂದರೆ ಹೆಚ್ಚಾ, ಕಡಿಮೆಯಾ? ಮಾಮೂಲಿ ದಿನ ಎಷ್ಟಿರುತ್ತೆ ಅಂತ ಗೊತ್ತಿಲ್ಲದಿದ್ದರೆ ಆ ನಂಬರಿಗೆ ಅರ್ಥವೇ ಇಲ್ಲ. ನೇತ್ರಾಣಿಯ ವಿಡಿಯೋಗೆ ನಾನು ಉತ್ತರ ಕೊಡಲಾಗದೆ ಇದ್ದದ್ದೂ ಇದಕ್ಕೇ.

ಹವಳ ಅಂದರೆ ಏನು, ಬಿಳಿಚಿಕೊಳ್ಳೋದು ಅಂದರೆ ಏನು

ಅಜ್ಜಿಯ ಹವಳದ ಸರದ ಕೆಂಪು ಹವಳ ಬೇರೆ. ಇವತ್ತು ನಾವು ಮಾತಾಡ್ತಿರೋದು ದಿಬ್ಬ ಕಟ್ಟುವ ಹವಳ. ಇದು ಗಿಡ ಅಲ್ಲ, ಕಲ್ಲೂ ಅಲ್ಲ. ಸಾವಿರಾರು ಸಣ್ಣ ಪ್ರಾಣಿಗಳು ಒಟ್ಟಿಗೆ ಬದುಕುವ ವಠಾರ. ಪ್ರತಿಯೊಂದೂ ಸಮುದ್ರದ ನೀರಿನಿಂದ ಸುಣ್ಣ ತೆಗೆದು ತನ್ನ ಕೆಳಗೆ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತೆ. ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತೆ. ಪಾಚಿ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತೆ, ಅದರಲ್ಲಿ ಬಹುಪಾಲನ್ನು ಮನೆ ಮಾಲೀಕನಿಗೇ ಕೊಡುತ್ತೆ. ಹವಳದ ಬಣ್ಣವೂ ಹೆಚ್ಚಾಗಿ ಈ ಪಾಚಿಯದೇ.

ನೀರು ವಾರಗಟ್ಟಲೆ ಹದ ಮೀರಿ ಬಿಸಿಯಾದರೆ ಈ ಒಪ್ಪಂದ ಮುರಿದುಬೀಳುತ್ತೆ. ಹವಳ ಪಾಚಿಯನ್ನು ಹೊರಹಾಕುತ್ತೆ, ಮೈ ಪಾರದರ್ಶಕವಾಗಿ ಕೆಳಗಿನ ಬಿಳಿ ಸುಣ್ಣ ಕಾಣಿಸುತ್ತೆ. ಇದೇ ಬಿಳಿಚಿಕೊಳ್ಳೋದು. ನೆನಪಿಡಿ, ಬಿಳಿಚಿದ ಹವಳ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಬರುತ್ತೆ. ತಣ್ಣಗಾಗದಿದ್ದರೆ ಹವಳ ಸಾಯುತ್ತೆ, ಅದರ ಮೇಲೆ ಬೇರೆ ಪಾಚಿ ಹಬ್ಬುತ್ತೆ. ಹಾಗಾಗಿ ಒಂದೇ ಸಲ ಮುಳುಗಿ ನೋಡಿದರೆ ಸಾಲದು. ಬಿಸಿಗೆ ಮೊದಲು, ಬಿಸಿಯ ಹೊತ್ತಿನಲ್ಲಿ, ಕೆಲವು ತಿಂಗಳ ನಂತರ, ಹೀಗೆ ಮೂರು ಸಲ ಹೋದರೆ ಎಷ್ಟು ಉಳಿಯಿತು, ಎಷ್ಟು ಹೋಯಿತು ಅಂತ ತಿಳಿಯುತ್ತೆ.

ನೀರಿನಡಿ ಎಣಿಕೆ ನಡೆಯುವ ಬಗೆ

ಮುಖ್ಯ ಸಾಧನ ಏನು ಅಂದುಕೊಂಡಿರಿ? ಅಳತೆ ಟೇಪು. ಡೈವರುಗಳು ಒಂದೇ ಆಳದಲ್ಲಿ, ದಡಕ್ಕೆ ಸಮಾನಾಂತರವಾಗಿ, 20 ಮೀಟರ್ ಟೇಪನ್ನು ತಳದ ಮೇಲೆ ಎಳೆಯುತ್ತಾರೆ. ಆಮೇಲೆ ಟೇಪಿನ ಗುಂಟ ನಿಧಾನವಾಗಿ ಈಜುತ್ತಾ, ಅದರ ನೇರ ಕೆಳಗೆ ಏನಿದೆ ಅಂತ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. 0ಯಿಂದ 45 ಸೆಂಟಿಮೀಟರ್ ಮರಳು, 45ರಿಂದ 130 ಕವಲು ಹವಳ, 130ರಿಂದ 160 ಸತ್ತ ಹವಳದ ಮೇಲೆ ಪಾಚಿ, ಹೀಗೆ. ಕೊನೆಗೆ ಜೀವಂತ ಹವಳದ ಅಳತೆಗಳನ್ನೆಲ್ಲ ಕೂಡಿಸಿ ಒಟ್ಟು ಉದ್ದದಿಂದ ಭಾಗಿಸಿದರೆ ಆಯಿತು. 2000 ಸೆಂಟಿಮೀಟರಿನಲ್ಲಿ 740 ಜೀವಂತ ಹವಳ ಇದ್ದರೆ ಶೇ. 37. ಹವಳದ ದಿಬ್ಬದ ಬಗ್ಗೆ ಪತ್ರಿಕೆಯಲ್ಲಿ ಓದುವ "ಜೀವಂತ ಹವಳದ ಪ್ರಮಾಣ" ಅಂದರೆ ಇದೇ.

ಒಂದು ಟೇಪು ಸಾಲದು. ಒಂದು ಜಾಗದಲ್ಲಿ ಹಲವು ಸಲ ಎಳೆಯಬೇಕು, ಬೇರೆ ಬೇರೆ ಆಳದಲ್ಲಿ ಎಳೆಯಬೇಕು. ಮುಖ್ಯವಾಗಿ, ಚೆನ್ನಾಗಿ ಕಾಣುವ ಕಡೆಗೆ ಟೇಪನ್ನು ತಿರುಗಿಸಬಾರದು. ಮರಳು ಬಂದರೆ ಮರಳು ಅಂತಲೇ ಬರೆಯಬೇಕು. ಪ್ರವಾಸದ ವಿಡಿಯೋಗೂ ಸರ್ವೆಗೂ ಇರೋ ವ್ಯತ್ಯಾಸ ಇಲ್ಲೇ. ಕ್ಯಾಮೆರಾ ಕೈಯಲ್ಲಿದ್ದರೆ ನಾವು ಆಮೆ ಹಿಂದೆ ಹೋಗ್ತೀವಿ, ಬಣ್ಣದ ಹವಳ ಕಂಡಲ್ಲಿ ನಿಲ್ತೀವಿ. ಬೋಳು ಬಂಡೆಯನ್ನು ಯಾರು ಶೂಟ್ ಮಾಡ್ತಾರೆ? ಟೇಪಿಗೆ ಆ ಆಸೆ ಇಲ್ಲ.

ಇದರ ಸರಳ ರೂಪವೊಂದಿದೆ. ರೀಫ್ ಚೆಕ್ ಅನ್ನೋ ಅಂತರರಾಷ್ಟ್ರೀಯ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಹವ್ಯಾಸಿ ಡೈವರುಗಳೂ ಎಣಿಸುತ್ತಾರೆ. ಟೇಪಿನ ಪ್ರತಿ ಅರ್ಧ ಮೀಟರಿಗೆ ಒಂದು ಬಿಂದು, ಆ ಬಿಂದುವಿನ ಕೆಳಗೆ ಏನಿದೆ ಅಂತ ಬರೆದರೆ ಸಾಕು. 20 ಮೀಟರಿಗೆ 40 ಬಿಂದು, ಅಂಥ ನಾಲ್ಕು ತುಂಡು, ಒಟ್ಟು 160 ಬಿಂದು.

ಇನ್ನೊಂದು ವಿಧಾನ ಫೋಟೋದ್ದು. ಚೌಕಟ್ಟು ಇಟ್ಟು ಮೇಲಿನಿಂದ ಫೋಟೋ ತೆಗೆಯುತ್ತಾರೆ. ನಂತರ ಕಂಪ್ಯೂಟರು ಆ ಫೋಟೋ ಮೇಲೆ ಯಾದೃಚ್ಛಿಕ ಬಿಂದುಗಳನ್ನು ಉದುರಿಸುತ್ತೆ, ಪ್ರತಿ ಬಿಂದುವಿನಲ್ಲಿ ಏನಿದೆ ಅಂತ ಗುರುತಿಸಬೇಕು. ಕೋರಲ್‌ನೆಟ್ ಅನ್ನೋ ವೇದಿಕೆಯಲ್ಲಿ ಈ ಗುರುತಿಸುವ ಕೆಲಸವನ್ನು ಮೆಷಿನ್ ಲರ್ನಿಂಗ್ ಮಾಡುತ್ತೆ. ಆದರೆ ಅದಕ್ಕೆ ಮೊದಲು ಮನುಷ್ಯರು ಸಾಕಷ್ಟು ಬಿಂದುಗಳನ್ನು ಸರಿಯಾಗಿ ಲೇಬಲ್ ಮಾಡಿಕೊಟ್ಟಿರಬೇಕು. ಬೇರೆ ಸಮುದ್ರದ ಫೋಟೋ ಕಲಿತ ಮಾಡೆಲ್ಲು ನಮ್ಮ ಕಲಕಿದ ನೀರಿನಲ್ಲಿ ತಪ್ಪುವುದು ಸಹಜ. ಈ ಕಷ್ಟ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು.

ಹವಳ ಮಾತ್ರ ಎಣಿಸಿದರೂ ಸಾಲದು. ಟೇಪಿನ ಎರಡೂ ಬದಿ ನಿಗದಿತ ಅಗಲದಲ್ಲಿ ಮೀನು ಎಣಿಸುತ್ತಾರೆ. ಪಾಚಿ ಮೇಯುವ ಗಿಳಿಮೀನಿನಂಥವು ಕಡಿಮೆಯಾದರೆ ಸತ್ತ ಹವಳದ ಮೇಲೆ ಪಾಚಿ ದಟ್ಟವಾಗುತ್ತೆ, ಹೊಸ ಮರಿ ಹವಳಕ್ಕೆ ಕೂರಲು ಜಾಗ ಸಿಗಲ್ಲ. ಹಾಗಾಗಿ ಮರಿ ಹವಳಗಳನ್ನೂ ಎಣಿಸುತ್ತಾರೆ. ದೊಡ್ಡವರು ಎಷ್ಟಿದ್ದಾರೆ ಅನ್ನೋದರಷ್ಟೇ ಮುಖ್ಯ, ಮಕ್ಕಳು ಹುಟ್ಟುತ್ತಿದ್ದಾರಾ ಅನ್ನೋದು.

ಇವೆಲ್ಲದರ ಮೇಲೆ ಉಪಗ್ರಹದ ಕಣ್ಣು. ಅಮೆರಿಕದ ನೋವಾ ಸಂಸ್ಥೆ ಸಮುದ್ರದ ಬಿಸಿಯನ್ನು ಒಂದು ಲೆಕ್ಕದಲ್ಲಿ ಕೂಡಿಸುತ್ತಾ ಹೋಗುತ್ತೆ. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಹೆಚ್ಚು ಬಿಸಿ ಒಂದು ವಾರ ಇದ್ದರೆ 1 ಅಂಕ. 2 ಡಿಗ್ರಿ ಹೆಚ್ಚು ಒಂದು ವಾರ ಇದ್ದರೆ 2 ಅಂಕ. ಹಿಂದಿನ 12 ವಾರದ ಮೊತ್ತ 4 ಮುಟ್ಟಿದರೆ ಬಿಳಿಚುವ ಅಪಾಯ, 8 ಮುಟ್ಟಿದರೆ ಸಾವಿನ ಅಪಾಯ. ನಮ್ಮಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಭಾರತದ ಹವಳ ಪ್ರದೇಶಗಳಿಗೆ ಇಂಥ ಎಚ್ಚರಿಕೆ ಕೊಡುತ್ತೆ. ಉಪಗ್ರಹ ಅಲಾರಂ ಹೊಡೆಯುತ್ತೆ, ಅಷ್ಟೇ. ಒಳಗೆ ಏನಾಯಿತು ಅಂತ ನೋಡೋಕೆ ಮನುಷ್ಯನೇ ಇಳಿಯಬೇಕು.

ತಮಿಳುನಾಡಿನ ಲೆಕ್ಕ: ಮನ್ನಾರ್ ಕೊಲ್ಲಿ

ಈಗ ನಿಜವಾದ ಅಂಕಿಗಳಿಗೆ ಬರೋಣ. ಬೆಸೆಂಟ್ ನಗರದಿಂದ ದಕ್ಷಿಣಕ್ಕೆ, ರಾಮೇಶ್ವರದಿಂದ ತೂತ್ತುಕುಡಿವರೆಗೆ ದಡದ ಪಕ್ಕದಲ್ಲೇ 21 ಸಣ್ಣ ದ್ವೀಪಗಳ ಸಾಲಿದೆ. ಅದು ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ. ಅದರಲ್ಲಿ ಎರಡು ದ್ವೀಪ ಈಗ ನೀರಿನ ಮೇಲೆ ಇಲ್ಲ. ದಶಕಗಳ ಕಾಲ ಸುಣ್ಣಕ್ಕೆ, ಕಾರ್ಖಾನೆಗೆ, ಕಟ್ಟಡಕ್ಕೆ ಅಂತ ಹವಳ ಕಿತ್ತು ಸಾಗಿಸಿದರು. ಅಲೆ ತಡೆಯುವ ದಿಬ್ಬ ಹೋದ ಮೇಲೆ ದ್ವೀಪದ ಮರಳೂ ಹೋಯಿತು.

2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. 2004ರ ಕೊನೆಯ ಸುನಾಮಿಯ ನಂತರ ಹವಳ ಕೀಳುವುದು ನಿಂತಿತು. ಅದೇ ಹೊತ್ತಿಗೆ ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು ಎಲ್ಲ ದ್ವೀಪಗಳ ಸುತ್ತ ಡೈವ್ ಮಾಡಿ ಟೇಪು ಎಳೆದು ಅಳೆಯಲು ಶುರು ಮಾಡಿದ್ದರು. ಅವರ ಲೆಕ್ಕ ನೋಡಿ: 2005ರ ಹೊತ್ತಿಗೆ ಜೀವಂತ ಹವಳ ಸುಮಾರು ಶೇ. 37. 2009ರಲ್ಲಿ ಸುಮಾರು ಶೇ. 43. ಕೀಳೋದು ನಿಲ್ಲಿಸಿದ್ದಕ್ಕೆ ಸಮುದ್ರ ಕೊಟ್ಟ ಉತ್ತರ ಅದು. 2010ರಲ್ಲಿ ಬಿಸಿ ಬಂತು, ಶೇ. 33ಕ್ಕೆ ಇಳಿಯಿತು. ನಿಧಾನವಾಗಿ ಮತ್ತೆ ಏರಿ 2016ರ ಬೇಸಿಗೆಗೆ ಮುಂಚೆ ಶೇ. 38.9. ಆ ವರ್ಷದ ಬಿಸಿ ಕಳೆದ ಮೇಲೆ ಶೇ. 22.7.

ಇಲ್ಲಿ ಒಂದು ಹಳ್ಳ ಇದೆ, ಬೀಳಬೇಡಿ. 38.9ರಿಂದ 22.7ಕ್ಕೆ ಅಂದರೆ 16.2 ಇಳಿಕೆ. "ಹದಿನಾರು ಪರ್ಸೆಂಟ್ ಹೋಯಿತು, ಪರವಾಗಿಲ್ಲ" ಅನಿಸುತ್ತೆ. ಆದರೆ ಆ ಪರ್ಸೆಂಟ್ ಇಡೀ ತಳದ್ದು, ಮರಳು ಬಂಡೆ ಎಲ್ಲ ಸೇರಿ. ಇದ್ದ ಹವಳದಲ್ಲಿ ಎಷ್ಟು ಸತ್ತಿತು ಅಂತ ಕೇಳಿದರೆ 38.9ರಲ್ಲಿ 16.2, ಅಂದರೆ ಶೇ. 41ಕ್ಕೂ ಹೆಚ್ಚು. ಹತ್ತು ಮನೆಯಿದ್ದ ಬೀದಿಯಲ್ಲಿ ನಾಲ್ಕು ಮನೆ ಖಾಲಿ.

ಇನ್ನೊಂದು ಹಳ್ಳ ಹಿಂದಿನದು. 2005ರ ಶೇ. 37 ಅನ್ನು ನಾವು ಮೊದಲ ಅಂಕಿ ಅಂತ ಹಿಡಿಯುತ್ತೇವೆ. ಆದರೆ ಅದು ದಶಕಗಳ ಲೂಟಿ ಆದ ಮೇಲಿನ ಅಂಕಿ. ಮೊದಲು ಎಷ್ಟಿತ್ತು ಅಂತ ಯಾರೂ ಟೇಪು ಹಿಡಿದಿರಲಿಲ್ಲ. ಪ್ರತಿ ತಲೆಮಾರೂ ತಾನು ಮೊದಲು ಕಂಡದ್ದನ್ನೇ ಮಾಮೂಲು ಅಂದುಕೊಳ್ಳುತ್ತೆ ಅಂತ ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದರು. ಬೆಂಗಳೂರಿನ ಕೆರೆಗಳ ವಿಷಯದಲ್ಲಿ ನಮಗೂ ಆಗಿರೋದು ಅದೇ ಅಲ್ವಾ? ನೊರೆ ಕಡಿಮೆ ಆದರೆ ಕೆರೆ ಸರಿಹೋಯಿತು ಅಂತೀವಿ. ಅಲ್ಲಿ ನೀರು ಕುಡೀತಿದ್ದವರನ್ನು ಕೇಳಿದರೆ ಬೇರೆ ಮಾತು ಹೇಳ್ತಾರೆ.

ಮಂಗಳೂರಿನ ನೆರೆಯ ದ್ವೀಪಗಳು

ಈಗ ಪಡುವಣ ಕಡಲಿಗೆ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ತೆಂಗಿನ ನಾರು ಹೇರಿಕೊಂಡ ಓಡಗಳು ಮಂಗಳೂರಿಗೆ ಬರುತ್ತಿದ್ದವು. ಇವತ್ತಿಗೂ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತೆ.

ಅಲ್ಲಿನ ಲೆಕ್ಕ ಇಟ್ಟಿರೋದು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್. 1998ರಲ್ಲಿ ಜಗತ್ತಿನಾದ್ಯಂತ ಹವಳ ಬಿಳಿಚಿದಾಗ ರೋಹನ್ ಆರ್ಥರ್ ಅಲ್ಲಿ ಎಣಿಕೆ ಶುರು ಮಾಡಿದರು. ಅಗತ್ತಿ, ಕಡಮತ್, ಕವರತ್ತಿ ಮೂರು ದಿಬ್ಬಗಳಲ್ಲಿ, ಗಾಳಿಗೆ ಒಡ್ಡಿದ ಬದಿ, ಮರೆಯ ಬದಿ, ಬೇರೆ ಬೇರೆ ಆಳ, ಹೀಗೆ 24 ವರ್ಷ ಅಳೆದು 2025ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ: 1998ರಲ್ಲಿ ಸುಮಾರು ಶೇ. 37 ಇದ್ದ ಜೀವಂತ ಹವಳ 2022ಕ್ಕೆ ಸುಮಾರು ಶೇ. 19. ಹತ್ತಿರ ಹತ್ತಿರ ಅರ್ಧ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಅರ್ಧ ಅಲ್ಲ, ಅದರ ಒಳಗಿನ ವಿವರ. 1998, 2010, 2016ರ ಬಿಸಿಗಳಲ್ಲಿ ಪ್ರತಿ ಸಲ ಸಾಯುವ ಪ್ರಮಾಣ ಹಿಂದಿಗಿಂತ ಕಡಿಮೆಯಾಗಿತ್ತು. ಕೇಳೋಕೆ ಒಳ್ಳೆ ಸುದ್ದಿ, ಗಟ್ಟಿಯಾದವು ಉಳಿದವು. ಆದರೆ ಪ್ರತಿ ಸಲ ಚೇತರಿಕೆಯೂ ಮಂದವಾಗ್ತಾ ಹೋಯಿತು. ಬಿಸಿಯ ಹೊಡೆತ ಇಲ್ಲದೆ ಆರು ವರ್ಷದಷ್ಟು ಬಿಡುವು ಸಿಕ್ಕಾಗ ಮಾತ್ರ ಬೆಳವಣಿಗೆ ನಿಜವಾಗಿ ವೇಗ ಪಡೆಯುತ್ತೆ ಅಂತ ಆ ಅಧ್ಯಯನ ತೋರಿಸಿತು. ಜ್ವರ ಬಂದು ಹೋದವನಿಗೆ ಅನ್ನ ಸೇರೋಕೂ ದಿನ ಬೇಕು, ಅಷ್ಟರಲ್ಲಿ ಮತ್ತೆ ಜ್ವರ ಬಂದರೆ? 1998ರಿಂದ 2010ಕ್ಕೆ ಹನ್ನೆರಡು ವರ್ಷ. 2010ರಿಂದ 2016ಕ್ಕೆ ಆರು. ಮತ್ತೆ 2024ರಲ್ಲಿ ಲಕ್ಷದ್ವೀಪ ತೀವ್ರವಾಗಿ ಬಿಳಿಚಿತು. ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ಅಂತ ಆ ಏಪ್ರಿಲಿನಲ್ಲಿ ಘೋಷಣೆಯಾಯಿತು.

ಈ ಒಂದು ಸಂಗತಿ, "ಆರು ವರ್ಷ ಬಿಡುವು ಬೇಕು" ಅನ್ನೋದು, ಯಾವ ಒಂದು ಡೈವ್‌ನಲ್ಲೂ ಕಾಣಲ್ಲ. ಯಾವ ಮೂರು ವರ್ಷದ ಪ್ರಾಜೆಕ್ಟಿನಲ್ಲೂ ಸಿಗಲ್ಲ. ಇಪ್ಪತ್ತು ವರ್ಷ ಅದೇ ಜಾಗಕ್ಕೆ ಹೋದವರಿಗೆ ಮಾತ್ರ ಸಿಗುತ್ತೆ.

ಪಣ ಏನು ಅಂದರೆ, ಲಕ್ಷದ್ವೀಪಕ್ಕೆ ಹವಳ ಅಲಂಕಾರ ಅಲ್ಲ, ನೆಲ. ಅಲ್ಲಿನ ಮರಳೆಲ್ಲ ಹವಳದ ಪುಡಿ. ಅಲೆ ಮುರಿಯೋದೂ ಹವಳದ ದಿಬ್ಬ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64 ಸಾವಿರಕ್ಕೂ ಹೆಚ್ಚು. ದಿಬ್ಬ ಬೆಳೆಯುವುದಕ್ಕಿಂತ ಸವೆಯುವುದು ಹೆಚ್ಚಾದರೆ ಅವರ ಕಾಲಡಿಯ ನೆಲವೇ ಪ್ರಶ್ನೆ.

ಎಣಿಸಿದರೆ ಉಳಿಯುತ್ತಾ?

ವಿಡಿಯೋ ಮುಗಿಸುವಾಗ ಕ್ಯಾಮೆರಾ ಹಿಂದಿದ್ದ ಸ್ನೇಹಿತರು ಕೇಳಿದ್ದು ಇದನ್ನೇ. ಎಣಿಸಿದ ಮಾತ್ರಕ್ಕೆ ಉಳಿಯಲ್ಲ. ಸಮುದ್ರದ ಬಿಸಿಗೆ ಕಾರಣ ಜಗತ್ತೆಲ್ಲ ಸುಡುತ್ತಿರುವ ಕಲ್ಲಿದ್ದಲು, ಎಣ್ಣೆ. ಅದನ್ನು ತೂತ್ತುಕುಡಿಯಲ್ಲೋ ಕವರತ್ತಿಯಲ್ಲೋ ನಿಲ್ಲಿಸೋಕಾಗಲ್ಲ. ಆದರೆ ಯಾವ ದಿಬ್ಬ ಬೇಗ ಚೇತರಿಸಿಕೊಳ್ಳುತ್ತೆ ಅಂತ ಗೊತ್ತಿದ್ದರೆ ಅಲ್ಲಿ ಲಂಗರು ಹಾಕದ ಹಾಗೆ, ಹೂಳೆತ್ತದ ಹಾಗೆ, ಪಾಚಿ ಮೇಯುವ ಮೀನು ಹಿಡಿಯದ ಹಾಗೆ ನೋಡಿಕೊಳ್ಳಬಹುದು. ಮನ್ನಾರ್ ಕೊಲ್ಲಿಯ 37, 43 ಆದದ್ದು ನೆನಪಿಸಿಕೊಳ್ಳಿ. ಮನುಷ್ಯ ಕೈ ತೆಗೆದದ್ದು ಲೆಕ್ಕದಲ್ಲಿ ಕಂಡಿತು.

ನಮ್ಮ ಪಾಲಿಗೆ ಏನಿದೆ? ನೇತ್ರಾಣಿಗೋ ಅಂಡಮಾನಿಗೋ ಹೋಗುವವರು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಅವರ ಬಣ್ಣದ ಚಾರ್ಟು ನೋಡಿ. ಹವಳದ ಅತಿ ಗಾಢ, ಅತಿ ತಿಳಿ ಬಣ್ಣವನ್ನು ಚಾರ್ಟಿನ 1ರಿಂದ 6ರ ಪಟ್ಟಿಗೆ ಹೋಲಿಸಿ ಬರೆಯೋದು, ಮುಟ್ಟದೆ. ಚೆನ್ನಾಗಿರೋದನ್ನೇ ಆರಿಸಬೇಡಿ, ಎದುರಿಗೆ ಬಂದದ್ದನ್ನು ಬರೆಯಿರಿ. ಮುಂದಿನ ವರ್ಷವೂ ಅದೇ ತಿಂಗಳು ಅಲ್ಲಿಗೇ ಹೋಗೋದಾದರೆ ಇನ್ನೂ ಒಳ್ಳೆಯದು. ದಡದಲ್ಲಿ ಬಿದ್ದ ಹವಳದ ಚೂರನ್ನು ನೆನಪಿಗೆ ಅಂತ ಚೀಲಕ್ಕೆ ಹಾಕಬೇಡಿ, ಕಾನೂನು ಬಿಡಲ್ಲ.

ಈಜು ಬರದವರಿಗೆ ಬೆಸೆಂಟ್ ನಗರವೇ ಇದೆ. ಜನವರಿಯ ನಂತರ ವಾರದ ಕೊನೆಯ ರಾತ್ರಿ ಆಮೆ ನಡಿಗೆಗೆ ಸಾರ್ವಜನಿಕರನ್ನೂ ಕರೆದುಕೊಂಡು ಹೋಗ್ತಾರೆ. ಬೆಳಗಿನ ಜಾವದವರೆಗೆ ನಡೆದು ಒಂದೂ ಆಮೆ ಕಾಣದೆ ಇರಬಹುದು. ಬೇಜಾರು ಮಾಡ್ಕೋಬೇಡಿ. ಪುಸ್ತಕದಲ್ಲಿ ಸೊನ್ನೆ ಬರೆಯೋಕೂ ಒಬ್ಬರು ನಡೆದಿರಬೇಕು.

ನೇತ್ರಾಣಿ ವಿಡಿಯೋ ಕಳಿಸಿದವರಿಗೆ ನನ್ನ ಉತ್ತರ ಇಷ್ಟೇ: ಈಗ ಹೇಳೋಕೆ ಆಗಲ್ಲ. ಆ ವಿಡಿಯೋವನ್ನು ತಾರೀಕು, ಜಾಗ, ಆಳ ಬರೆದು ಜೋಪಾನವಾಗಿಡಿ. ಮುಂದೆ ಯಾರಾದರೂ ಅಲ್ಲೇ ಇಳಿದಾಗ ಅದು ಕೆಲಸಕ್ಕೆ ಬರಬಹುದು.

ಮುಂದಿನ ಭಾನುವಾರ ಸಿಗೋಣ. ನಮಸ್ಕಾರ.